ಕ್ಯಾಸಿನೊ ತಪ್ಪಿಸುವ ದಾರಿ

ಮಾರ್ಚ್ ೪, ಭಾನುವಾರ

ನನ್ನ ಮುದ್ದಿನ ಕಂಡಕ್ಟರಮ್ಮನಿಗೆ,

ಅಪ್ಪನ ಆಶೀರ್ವಾದಗಳು. ನಾನು, ನಿನ್ನಮ್ಮ, ನಿನ್ನತ್ತೆ ಮೂವರೂ ಗಟ್ಟಿಮುಟ್ಟಾಗಿದ್ದೇವೆ. ಅತ್ತೆಯ ಮಂಡಿನೋವು ಎಂದಿನಂತೆ ಅವಳಿಗೆ ಬೇಕಾದಾಗ ಬರುತ್ತದೆ, ಬೇಡವಾದಾಗ ಹೋಗುತ್ತದೆ. ನಿನ್ನ ಪತ್ರ ಬಂದು ತಿಂಗಳಾಗುತ್ತ ಬಂತು. ಇಷ್ಟು ತಡ ಮಾಡಿದ್ದಕ್ಕೆ ಬೈದುಕೋ, ಆದರೆ ಪೂರ್ತಿ ಓದಿದ ಮೇಲೆ ಬೈ. ಫೋನಿನಲ್ಲೇ ಹೇಳಬಹುದಿತ್ತಲ್ಲ ಅನ್ನುತ್ತೀಯ. ಫೋನು ಹಿಡಿದರೆ ನನಗೆ "ಊಟ ಆಯ್ತಾ" ಅನ್ನುವುದರ ಮುಂದೆ ಮಾತು ಹೊರಡುವುದಿಲ್ಲ, ಅಷ್ಟರಲ್ಲಿ ನಿನ್ನಮ್ಮ ಕಿತ್ತುಕೊಂಡಿರುತ್ತಾಳೆ. ಕಾಗದದಲ್ಲಾದರೆ ನಡುವೆ ಬಾಯಿ ಹಾಕುವವರು ಯಾರೂ ಇಲ್ಲ.

ವಿಷಯ ಏನೆಂದರೆ, ನಿನ್ನ ಊರು ನೋಡಲು ನಾವು ಮೂವರೂ ಬರುವುದು ಖಾಯಂ ಆಯಿತು. ಮುಂದಿನ ತಿಂಗಳು ಎರಡನೇ ವಾರ. "ರಿಟೈರ್ ಆದ ಮೇಲೂ ಬರದಿದ್ದರೆ ಇನ್ಯಾವಾಗ" ಎಂದು ನೀನು ಬರೆದಿದ್ದೆಯಲ್ಲ, ಆ ಸಾಲನ್ನು ನಿನ್ನಮ್ಮ ದಿನಕ್ಕೊಮ್ಮೆ ನನಗೆ ಓದಿ ಹೇಳುತ್ತಿದ್ದಳು. ಇನ್ನು ಓದಬೇಕಿಲ್ಲ. ಆದರೆ ಒಂದು ಷರತ್ತು, ಅದನ್ನು ಮನೆಯಲ್ಲಿ ಎಲ್ಲರಿಗೂ ಖಡಾಖಂಡಿತ ಹೇಳಿದ್ದೇನೆ. ನಾವು ಬರುವುದು ಊರು ನೋಡಲು. ಕ್ಯಾಸಿನೊಗಳಲ್ಲಿ ಜೂಜಾಡಲು ಅಲ್ಲ. ಒಂದು ಯಂತ್ರದ ಗುಂಡಿಯನ್ನೂ ಯಾರೂ ಮುಟ್ಟುವಂತಿಲ್ಲ. ಸ್ಟೀರಿಂಗ್ ನನ್ನ ಕೈಯಲ್ಲಿಲ್ಲದ ಗಾಡಿಯಲ್ಲಿ ಕೂರುವುದೇ ನನಗೆ ಆಗದ ಮಾತು, ಇನ್ನು ಇಸ್ಪೀಟಿನ ಎಲೆಯ ಕೈಗೆ ನನ್ನ ಜುಟ್ಟು ಕೊಡುತ್ತೇನೆಯೇ.

ನಿವೃತ್ತಿಯ ಸಮಾರಂಭದ ಬಗ್ಗೆ ನೀನು ಕೇಳಿದ್ದೆ. ಡಿಪೋದವರು ಶಾಮಿಯಾನ ಹಾಕಿಸಿದ್ದರು, ಹಾರ ನನ್ನ ಮಂಡಿಯವರೆಗೆ ಬರುತ್ತಿತ್ತು. ಮ್ಯಾನೇಜರು ಭಾಷಣದಲ್ಲಿ ಹೇಳಿದ್ದು ಒಂದೇ ಕಥೆ, ನಿನ್ನ ಹಲ್ಲಿನ ಕಥೆ. ನಿನಗೆ ನೆನಪಿರಬೇಕು. ರಜೆಯಲ್ಲಿ ನಿನ್ನನ್ನು ಬಸ್ಸಿಗೆ ಕರೆದುಕೊಂಡು ಹೋಗುತ್ತಿದ್ದೆ, ನೀನು ಕಂಡಕ್ಟರ್ ಪಕ್ಕ ನಿಂತು "ರೈಟ್, ರೈಟ್" ಎಂದು ಕೂಗುತ್ತಿದ್ದೆ. ಒಂದು ದಿನ ಗುಂಡಿಯಲ್ಲಿ ಬಸ್ಸು ಕುಲುಕಿ ಮುಂದಿನ ಸೀಟಿಗೆ ಬಾಯಿ ಬಡಿದು ಹಲ್ಲು ಬಿತ್ತು. "ಅಪ್ಪಾ, ಅಪ್ಪಾ" ಎಂದು ಒಂದೇ ಸಮ ಕರೆದೆ. ನಾನು ತಿರುಗಲಿಲ್ಲ. ಕಂಡಕ್ಟರ್ ನಿನ್ನ ಹಲ್ಲನ್ನು ಟಿಕೆಟಿನಲ್ಲಿ ಸುತ್ತಿ ಕೈಗೆ ಕೊಟ್ಟ. ಕೊನೆಯ ಸ್ಟಾಪಿನಲ್ಲಿ ಎಂಜಿನ್ ಆರಿಸಿ, ಹ್ಯಾಂಡ್ ಬ್ರೇಕ್ ಎಳೆದು, ಆಮೇಲೆ ನಿನ್ನನ್ನು ಎತ್ತಿಕೊಂಡೆ. "ಸ್ಟೀರಿಂಗ್ ಹಿಡಿದಾಗ ನಾನು ನಿನ್ನಪ್ಪ ಅಲ್ಲ ಕಣೇ, ಇಷ್ಟೂ ಜನರ ಡ್ರೈವರು. ಕೆಳಗಿಳಿದ ಮೇಲೆ ಅಪ್ಪ" ಎಂದು ಹೇಳಿದ್ದೆನಂತೆ. ಮ್ಯಾನೇಜರು ಅದನ್ನು ಹೇಳಿ "ಇಂಥ ಡ್ರೈವರು ಇನ್ನೊಬ್ಬ ಸಿಗಲ್ಲ" ಎಂದರು. ಜನ ಚಪ್ಪಾಳೆ ತಟ್ಟಿದರು. ನಾನು ನಮಸ್ಕಾರ ಮಾಡಿ ಕೂತೆ.

ಈಗ ಪ್ರವಾಸದ ವಿಚಾರಕ್ಕೆ ಬರುತ್ತೇನೆ. ಇಷ್ಟು ವರ್ಷ ಜನರನ್ನು ಊರಿಂದೂರಿಗೆ ಸಾಗಿಸಿದವನು, ಮೂರು ಜನರನ್ನು ಒಂದು ಊರು ಸುತ್ತಿಸುವುದು ಯಾವ ಮಹಾ ಎಂದುಕೊಂಡಿದ್ದೆ. ಆ ಊರು ಕಟ್ಟಿದವರು ನನಗಿಂತ ಘಾಟಿ. ಹೋಟೆಲಿನಲ್ಲಿ ರೂಮಿಗೆ ಹೋಗುವ ಲಿಫ್ಟು ಬೇಕೆ, ಆಟದ ಹಾಲ್ ದಾಟಿ ಹೋಗಬೇಕು. ತಿಂಡಿಗೆ ಹೋಗಬೇಕೆ, ಆಟದ ಹಾಲ್ ದಾಟಬೇಕು. ಕೊನೆಗೆ ಶೌಚಾಲಯಕ್ಕೂ ಅದೇ ದಾರಿ. ಗಡಿಯಾರ ಇಲ್ಲ, ಕಿಟಕಿ ಇಲ್ಲ, ಒಳಗೆ ಹೋದವನಿಗೆ ಹೊರಗೆ ಬೆಳಕಿದೆಯೋ ಕತ್ತಲಿದೆಯೋ ತಿಳಿಯದಂತೆ ಕಟ್ಟಿದ್ದಾರೆ. ನಾನೇ ಒಂದು ಹೋಟೆಲಿಗೆ ಫೋನು ಮಾಡಿ, "ಅಮ್ಮಾ, ಆಟದ ಹಾಲ್ ಕಣ್ಣಿಗೆ ಬೀಳದೆ ಲಿಫ್ಟಿಗೆ ಹೋಗೋ ದಾರಿ ಏನಾದ್ರೂ ಇದೆಯಾ" ಎಂದು ಕೇಳಿದೆ. ಆ ಕಡೆಯ ಹುಡುಗಿ, "ಸಾರ್, ಇದುವರೆಗೆ ಯಾರೂ ಕೇಳಿಲ್ಲ" ಎಂದಳು. ನಂತರ ಪಾಪ, ಯಾರನ್ನೋ ವಿಚಾರಿಸಿ ಬಂದು, ಬಟ್ಟೆ ಒಗೆಯುವ ವಿಭಾಗದ ಪಕ್ಕ ಸಾಮಾನಿನ ಲಿಫ್ಟ್ ಒಂದಿದೆ, ಆದರೆ ಅದರಲ್ಲಿ ಅತಿಥಿಗಳನ್ನು ಬಿಡುವುದಿಲ್ಲ ಎಂದಳು. ನಾನು ಬಿಡುವವನಲ್ಲ. ಹುಡುಕಿ ಹುಡುಕಿ, ಆಟವೇ ಇಲ್ಲದ ಒಂದು ಸಣ್ಣ ವಸತಿಗೃಹ ಗೊತ್ತುಮಾಡಿದ್ದೇನೆ. ಬಸ್ ನಿಲ್ದಾಣದ ಹಿಂದಿನ ಬೀದಿ, ಕೆಳಗೆ ಬೀಗದ ಕೈ ಮಾಡುವವನ ಅಂಗಡಿ. ಆ ಊರಿನಲ್ಲಿ ಮಾಮೂಲಿ ಮನುಷ್ಯರು ವಾಸ ಮಾಡುವ ಬೀದಿ ಅದೊಂದೇ ಇರಬೇಕು.

ದಾರಿಯನ್ನೂ ಬರೆದು ಗೋಡೆಗೆ ಅಂಟಿಸಿದ್ದೇನೆ. ಕೆಂಪು ಶಾಯಿಯಲ್ಲಿ ಗೀಟು ಹಾಕಿದ್ದು ಕ್ಯಾಸಿನೊಗಳು, ಅವುಗಳ ಹತ್ತಿರ ನಾವು ಸುಳಿಯುವುದಿಲ್ಲ. ಹಸಿರು ಶಾಯಿಯದು ನಮ್ಮ ದಾರಿ. ಮೊದಲು ಸಂಗೀತಕ್ಕೆ ಕುಣಿಯುವ ಕಾರಂಜಿ, ಅದನ್ನು ರಸ್ತೆಯ ಈಚೆ ಬದಿಯಿಂದಲೇ ನೋಡಬಹುದು. ಆಮೇಲೆ ದೊಡ್ಡ ಚಕ್ರ, ಮೇಲೆ ಹೋದರೆ ಇಡೀ ಊರು ಕಾಣುತ್ತದಂತೆ. ಗಾಜಿನ ಸೇತುವೆಗೆ ಅತ್ತೆ ಒಪ್ಪುತ್ತಿಲ್ಲ, ಕಾಲ ಕೆಳಗೆ ನೆಲ ಕಾಣದಿದ್ದರೆ ಮಂಡಿನೋವು ಬರುತ್ತದಂತೆ. ಕೆಟ್ಟುಹೋದ ಹಳೇ ದೀಪದ ಬೋರ್ಡುಗಳನ್ನೆಲ್ಲ ಜೋಡಿಸಿಟ್ಟ ಬಯಲೊಂದು ಇದೆ ಎಂದು ನೀನು ಬರೆದಿದ್ದೆ, ನಿನ್ನಮ್ಮನಿಗೆ ಅದನ್ನು ನೋಡುವ ಆಸೆ. ಬೆಳಗಿದ್ದು ಸಾಕಾಗಿ ಕೂತ ದೀಪಗಳು ಹೇಗಿರುತ್ತವೆ ನೋಡಬೇಕು ಎನ್ನುತ್ತಾಳೆ. ನನ್ನ ಮುಖ ನೋಡಿಕೊಂಡೇ ಹೇಳುತ್ತಾಳೆ, ನಾನು ಕೇಳದವನಂತಿರುತ್ತೇನೆ.

ಅಲ್ಲಿಗೆ ಬರುವುದೂ ಬಸ್ಸಿನಲ್ಲೇ. ಜೀವನದಲ್ಲಿ ಮೊದಲ ಸಲ ನಾನು ಪ್ರಯಾಣಿಕ. ಡ್ರೈವರ್ ಹಿಂದಿನ ಸೀಟೇ ಬೇಕೆಂದು ಹಟ ಹಿಡಿದು ಹಾಕಿಸಿಕೊಂಡಿದ್ದೇನೆ. "ದಾರಿಯುದ್ದಕ್ಕೂ ನೀನು ಕಾಲಲ್ಲಿ ಬ್ರೇಕ್ ಒತ್ತಿ ಒತ್ತಿ ಆ ಬಸ್ಸಿನ ತಳ ತೂತು ಮಾಡ್ತೀಯ ಕಣೋ" ಎಂದು ಅತ್ತೆಯ ಭವಿಷ್ಯ, ನನಗೆ ಅಕ್ಕನಲ್ಲವೆ. ಅವಳದು ಇನ್ನೊಂದು ಅರ್ಜಿಯೂ ಇದೆ. "ಆಡೋದು ಬೇಡಪ್ಪ, ಒಪ್ಪಿದೆ. ಒಂದೇ ಒಂದು ಸಲ ಆ ಮಿಷನ್ನಿನ ಹಿಡಿ ಎಳೀತೀನಿ, ಸದ್ದು ಕೇಳೋಕೆ." ನಾನು ಆಗುವುದಿಲ್ಲ ಎಂದೆ. "ದುಡ್ಡು ಹಾಕ್ದೆ ಎಳೀತೀನಿ" ಎಂದಳು. ಅರ್ಜಿ ತಿರಸ್ಕೃತವಾಗಿದೆ, ಮೂರು ದಿನದಿಂದ ನನ್ನ ಜೊತೆ ಮಾತು ಬಿಟ್ಟಿದ್ದಾಳೆ. ಮನೆ ನೆಮ್ಮದಿಯಾಗಿದೆ.

ಈಗ ಒಂದು ಜಗಳದ ವಿಷಯ. ನನ್ನ ಹಸಿರು ದಾರಿ ನೋಡಿ ನಿನ್ನಮ್ಮ ಬೆರಳಿಟ್ಟು ಹುಡುಕಿದಳು. "ನಮ್ಮ ಹುಡುಗಿ ಕೆಲಸ ಮಾಡೋ ಜಾಗ ಎಲ್ರೀ ಇದರಲ್ಲಿ?" ಎಂದಳು. ಅದು ಕೆಂಪು ಗೀಟಿನದು ಎಂದೆ. ಅವಳಿಗೆ ಕೋಪ ಬಂತು. "ಮಗಳು ಕೆಲಸ ಮಾಡೋದನ್ನ ನೋಡದೆ ಕುಣಿಯೋ ನೀರು ನೋಡೋಕೆ ಅಷ್ಟು ದೂರ ಹೋಗ್ಬೇಕೇನ್ರೀ? ಅವಳು ಇಸ್ಪೀಟೆಲೆ ಹಂಚೋ ಮೇಜಿನ ಹತ್ರ ದೂರದಲ್ಲಿ ನಿಂತು ನೋಡ್ತೀನಿ. ಅಷ್ಟೂ ಬೇಡ್ವಾ?" ಷರತ್ತು ಅಂದರೆ ಷರತ್ತು ಎಂದೆ. ಅಂದಿನಿಂದ ಹೊಲಿಗೆ ಯಂತ್ರದ ಸದ್ದು ಜಾಸ್ತಿಯಾಗಿದೆ. ನೀನು ಕಳಿಸಿದ ಅಳತೆಗೆ ಕಪ್ಪು ಪ್ಯಾಂಟು ಹೊಲಿದು ಮುಗಿಸಿದ್ದಾಳೆ, ಜೇಬು ಬೇಡ ಎಂದಿದ್ದೀಯಂತಲ್ಲ, "ಜೇಬಿಲ್ಲದ ಪ್ಯಾಂಟು ಯಾವ ಸೀಮೇದು" ಎಂದು ಗೊಣಗುತ್ತಲೇ ಹೊಲಿದಳು. ನಿನ್ನ ರಜೆಯ ದಿನ ನೀನೇ ಕಾರಂಜಿಯ ಹತ್ತಿರ ಬಂದುಬಿಡು ಮಗಳೇ. ಕೆಲಸದ ಜಾಗಕ್ಕೆ ನಾವು ಬರುವುದು ಬೇಡ. ಅಮ್ಮನಿಗೂ ಹಾಗೇ ಬರೆದು ಸಮಾಧಾನ ಮಾಡು.

ನಿನ್ನ ಕೆಲಸ ಕೀಳೆಂದು ನಾನು ಹೀಗೆ ಮಾಡುತ್ತಿದ್ದೇನೆ ಎಂದು ಮಾತ್ರ ತಿಳಿಯಬೇಡ. ಮೊನ್ನೆ ಕ್ಷೌರದಂಗಡಿಯಲ್ಲಿ ಟೈರಂಗಡಿಯ ಯಜಮಾನರು, "ಮಗಳು ಜೂಜಿನಲ್ಲಿದ್ದಾಳಂತೆ" ಎಂದು ರಾಗ ಎಳೆದರು. ಮುಖದ ತುಂಬ ಸೋಪು ಇಟ್ಟುಕೊಂಡೇ ಹೇಳಿದೆ. "ಅವಳು ಆಡೋಳಲ್ಲ ಸ್ವಾಮಿ, ಆಡಿಸೋಳು. ಬಸ್ ಓಡಿಸೋನಿಗೂ ಅದರಲ್ಲಿ ತೂಕಡಿಸೋನಿಗೂ ವ್ಯತ್ಯಾಸ ಇಲ್ವಾ? ಸೋತೋನು ಮೇಜು ಗುದ್ದಿ ಬಾಯಿಗೆ ಬಂದಂಗೆ ಬೈದ್ರೂ ಅವಳ ಕೈ ಅಲುಗಲ್ಲ, ದನಿ ಏರಲ್ಲ, ಮುಂದಿನ ಎಲೆ ಎಲ್ಲಿ ಬೀಳ್ಬೇಕೋ ಅಲ್ಲೇ ಬೀಳುತ್ತೆ. ನಿಮ್ಮಂಗಡೀಲಿ ಒಂದು ನಟ್ಟು ಕಳೆದ್ರೆ ನಿಮ್ಮ ಕೂಗು ಬೀದಿ ಕೊನೆವರೆಗೂ ಕೇಳುತ್ತೆ." ಕ್ಷೌರದವನು ಕತ್ತಿ ಕೆಳಗಿಟ್ಟು ನಕ್ಕ. ಮನೆಗೆ ಬಂದು ಇದನ್ನು ಹೇಳಿದಾಗ ನಿನ್ನಮ್ಮ, "ಇಷ್ಟೆಲ್ಲ ನಿಮಗೆ ಹೇಗೆ ಗೊತ್ತು, ನೀವೇನು ನೋಡಿದ್ರಾ" ಎಂದಳು. ಯಾರೋ ಹೇಳಿದರು ಎಂದೆ.

ಆರೋಗ್ಯ ನೋಡಿಕೋ. ನಿಂತು ಮಾಡುವ ಕೆಲಸ, ಚಪ್ಪಲಿಗೆ ಜಿಪುಣತನ ಮಾಡಬೇಡ. ನಿನಗೆ ಎಲ್ಲ ಒಳ್ಳೆಯದಾಗಲಿ ಎಂದು ಹರಸುವ,

ನಿನ್ನ ಅಪ್ಪ

ತಾ.ಕ. ಮೇಲಿನದನ್ನು ಅಮ್ಮನಿಗೆ ಓದಿ ತೋರಿಸಿದ್ದೇನೆ. ಇದನ್ನು ಅವಳು ಮಲಗಿದ ಮೇಲೆ ಸೇರಿಸುತ್ತಿದ್ದೇನೆ. ನಾನು ನಿನ್ನ ಊರಿಗೆ ಒಮ್ಮೆ ಬಂದಿದ್ದೆ. ಎರಡು ವರ್ಷದ ಹಿಂದೆ, ಒಂದು ಪ್ರವಾಸದ ಗುಂಪಿನ ಬಸ್ಸಿನ ಡ್ರೈವರಿಗೆ ಜ್ವರ ಬಂದು ನನ್ನನ್ನು ಕಳಿಸಿದರು. ದಾರಿಯಲ್ಲಿ ಟೈರು ಒಡೆದು, ಬದಲಿಸಿ, ಕೈಯೆಲ್ಲ ಗ್ರೀಸು. ಹಾಗೇ ಡ್ಯೂಟಿ ಬಟ್ಟೆಯಲ್ಲಿ ನಿನ್ನ ಆಟದ ಹಾಲಿಗೆ ಬಂದೆ. ಮೇಜುಗಳ ಸುತ್ತ ಕಟ್ಟಿದ ಹಗ್ಗದ ಈಚೆ ಕಂಬದ ಪಕ್ಕ ನಿಂತು ತುಂಬ ಹೊತ್ತು ನೋಡಿದೆ. ಸೋತವನು ಬೈದದ್ದೂ ನೀನು ಅಲುಗದೆ ಇದ್ದದ್ದೂ ನಾನೇ ಕಣ್ಣಾರೆ ಕಂಡದ್ದು. ಇವಳು ನನ್ನ ಮಗಳು ಎಂದು ಪಕ್ಕದವನಿಗೆ ಹೇಳಿಬಿಡಬೇಕು ಅನ್ನಿಸಿತು. ಅಷ್ಟರಲ್ಲಿ ನೀನು ತಲೆ ಎತ್ತಿದೆ. ನಿನ್ನ ಕಣ್ಣು ನನ್ನ ಮೇಲೆ ಬಿತ್ತು, ಹಾಗೇ ದಾಟಿ ಹೋಯಿತು. ನಗಲಿಲ್ಲ. ಆಮೇಲೆ ಮೇಜು ಬಿಟ್ಟು ಹೊರಡುವಾಗ ನನ್ನ ಕಡೆ ತಿರುಗಿ, ಎರಡೂ ಕೈ ತಟ್ಟಿ, ಬರಿದಾದ ಅಂಗೈಗಳನ್ನು ತೋರಿಸಿದೆ. ಬಾಗಿಲಿಗೆ ಬಂದವನಿಗೆ ಏನೂ ಇಲ್ಲ, ಮುಂದೆ ಹೋಗು ಎನ್ನುತ್ತಾರಲ್ಲ, ಹಾಗೆ. ನಿನ್ನ ಕೈ ಅಷ್ಟು ಶುಭ್ರವಾಗಿತ್ತು. ನಾನು ನನ್ನ ಕೈ ಹಿಂದೆ ಕಟ್ಟಿಕೊಂಡು ಬಂದು ಬಸ್ಸಿನಲ್ಲಿ ಕೂತೆ. ಡ್ಯೂಟಿ ಬಟ್ಟೆಯಲ್ಲಿ ಬಂದದ್ದು ನನ್ನದೇ ತಪ್ಪು, ಅಲ್ಲಿ ಎಲ್ಲರೂ ಎಷ್ಟು ನೀಟಾಗಿದ್ದರು. ಆ ದಾರಿ ತಪ್ಪಿಸಿದ್ದು ಅದಕ್ಕೇ. ನಿನ್ನ ಕೆಲಸದಿಂದ ನನಗೆ ನಾಚಿಕೆ ಇಲ್ಲ. ನಮ್ಮಿಂದ ನಿನಗೆ ಆಗುವುದು ಬೇಡ.


ಮಾರ್ಚ್ ೨೧, ಬುಧವಾರ

ಮಗಳೇ,

ನಿನ್ನ ಕಾಗದ ನಿನ್ನೆ ಬಂತು. ಈ ಸಲ ನಾನು ತಡ ಮಾಡುತ್ತಿಲ್ಲ, ಗಮನಿಸು. ಮೂವರೂ ಚೆನ್ನಾಗಿದ್ದೇವೆ ಎಂದು ಬರೆಯಲು ಕೂತರೆ ಅದು ಪೂರ್ತಿ ನಿಜವಲ್ಲ. ನಿನ್ನ ಕಾಗದವನ್ನು ನಾನು ನಿಂತೇ ಓದಿದೆ, ಆಮೇಲೆ ಕೂತು ಓದಿದೆ, ಆಮೇಲೆ ಅಮ್ಮನ ಕೈಗೆ ಕೊಟ್ಟೆ. ಓದಿ ಮುಗಿಸಿ ಅವಳು ಮೊದಲು ನನ್ನನ್ನು ಬೈದಳು, ಆಮೇಲೆ ಅತ್ತಳು, ಆಮೇಲೆ ಮತ್ತೆ ಬೈದಳು. ಎರಡು ವರ್ಷ ಇದನ್ನು ಹೊಟ್ಟೆಯಲ್ಲಿಟ್ಟುಕೊಂಡಿದ್ದಕ್ಕೆ.

ನೀನು ಬರೆದದ್ದನ್ನು ನನ್ನ ಕೈಯಲ್ಲೇ ಮತ್ತೊಮ್ಮೆ ಬರೆಯುತ್ತೇನೆ, ಹಾಗಾದರೂ ನನ್ನ ಮಂದ ತಲೆಗೆ ಹೋಗಲಿ. "ಅಪ್ಪಾ, ಮೇಜು ಬಿಟ್ಟು ಹೋಗುವಾಗ ನಾವೆಲ್ಲ ಕೈ ತಟ್ಟಿ ಅಂಗೈ ತಿರುಗಿಸಿ ತೋರಿಸಲೇಬೇಕು. ಏನೂ ಎತ್ತಿಕೊಂಡಿಲ್ಲ ಅಂತ ಮೇಲಿರೋ ಕ್ಯಾಮೆರಾಗೆ ತೋರಿಸೋದು. ಪ್ಯಾಂಟಿಗೆ ಜೇಬಿಲ್ಲದಿರೋದೂ ಅದಕ್ಕೇ. ಮನೆಯವರು ಹತ್ತಿರ ಬಂದು ನಿಂತರೆ ನಾವು ಗುರುತಿನ ನಗೆ ಕೂಡ ನಗೋ ಹಾಗಿಲ್ಲ, ಆಟಕ್ಕೆ ಸನ್ನೆ ಕೊಟ್ಟ ಹಾಗೆ ಆಗುತ್ತೆ. ನೀನು ಬಾಗಿಲಲ್ಲಿ ಕಾಲಿಟ್ಟಾಗಲೇ ನೋಡಿದೆ. ಕೈಯಲ್ಲಿ ಗ್ರೀಸ್ ಇತ್ತು, ದಾರಿಯಲ್ಲಿ ಟೈರ್ ಬದಲಿಸಿದ್ದೀಯ ಅಂದ್ಕೊಂಡೆ. ಕ್ಯಾಮೆರಾ ಇದ್ದದ್ದು ನನ್ನ ತಲೆ ಮೇಲೆ. ನಾನು ತಿರುಗಿ ಅಂಗೈ ತೋರಿಸಿದ್ದು ನಿನಗೆ. ಆ ಮೇಜಿನಲ್ಲಿ ನಿನಗೆ ನಮಸ್ಕಾರ ಮಾಡೋಕೆ ನನಗೆ ಇದ್ದದ್ದು ಅದೊಂದೇ ದಾರಿ. ಬಟ್ಟೆ ಬದಲಿಸಿ ಓಡಿ ಬಂದೆ. ಕಂಬದ ಹತ್ತಿರ ನೀನಿರಲಿಲ್ಲ. ಬಸ್ಸುಗಳು ನಿಲ್ಲೋ ಕಡೆಗೂ ಹೋದೆ, ಹೊರಟುಹೋಗಿದ್ದೆ. ಜೂಜಿನ ಮೇಜಲ್ಲಿ ಮಗಳನ್ನು ನೋಡಿ ಅಪ್ಪನಿಗೆ ಅವಮಾನ ಆಯ್ತು, ಅದಕ್ಕೇ ಮಾತಾಡಿಸದೆ ಹೋದ ಅಂದ್ಕೊಂಡು ನಾನೂ ಬಾಯಿ ಬಿಡಲಿಲ್ಲ. ಸ್ಟೀರಿಂಗ್ ಹಿಡಿದಾಗ ಅಪ್ಪ ಅಲ್ಲ ಅಂತ ಹೇಳಿಕೊಟ್ಟೋನು ನೀನೇ. ನಾನು ಕೆಳಗಿಳಿಯೋವರೆಗೂ ಕಾಯಬಾರದಿತ್ತಾ?"

ಕಾಯಬಹುದಿತ್ತು. ಇಷ್ಟು ವರ್ಷ ಎಷ್ಟೋ ಜನರಿಗೆ "ಇಳಿಯೋವರೆಗೂ ತಾಳಿ" ಎಂದು ಹೇಳಿದವನು ನಾನು. ಇಬ್ಬರೂ ಒಂದೇ ಊರಿನ ಬಸ್ಸಿಗೆ ಕಾದು, ಇಬ್ಬರೂ ತಪ್ಪಿಸಿಕೊಂಡೆವು.

ಆದರೆ ಒಂದು ಮಾತು ಹೇಳುತ್ತೇನೆ, ಇದು ಅಪ್ಪನ ಮಾತಲ್ಲ, ಡ್ರೈವರನ ಮಾತು. ಎದುರಿಗೆ ಹೆತ್ತಪ್ಪ ನಿಂತಿದ್ದರೂ ನಿನ್ನ ಕೈಯಿಂದ ಒಂದು ಎಲೆ ಆಚೀಚೆ ಬೀಳಲಿಲ್ಲ. ಕಂಬದ ಪಕ್ಕದಲ್ಲಿದ್ದ ನನಗೇ ನೀನು ನಮಸ್ಕಾರ ಮಾಡಿದ್ದು ಗೊತ್ತಾಗಲಿಲ್ಲ ಎಂದರೆ ಯಾವ ಕ್ಯಾಮೆರಾಗೆ ಗೊತ್ತಾಗಬೇಕು. ಅಷ್ಟು ಜನರ ಎದುರು ಮ್ಯಾನೇಜರು ನನ್ನನ್ನು ಹೊಗಳಿದಾಗ ಆಗದ ಹೆಮ್ಮೆ ನನಗೆ ನಿನ್ನೆ ಆಯಿತು. ಇವತ್ತು ಬೆಳಿಗ್ಗೆ ಟೈರಂಗಡಿಗೆ ಕೆಲಸವಿಲ್ಲದಿದ್ದರೂ ಹೋಗಿ, ಎಲ್ಲವನ್ನೂ ಹೇಳಿ ಬಂದೆ. ಯಜಮಾನರು ಕೇಳಿಸಿಕೊಂಡು, "ನಮ್ಮ ಹುಡುಗ ನನ್ನ ಕಂಡ್ರೆ ಕೆಲಸ ಬಿಟ್ಟು ಓಡ್ತಾನೆ" ಎಂದು ನಿಟ್ಟುಸಿರುಬಿಟ್ಟರು.

ಗೋಡೆಯ ಮೇಲಿನ ದಾರಿ ಬದಲಾಗಿದೆ. ಕೆಂಪು ಗೀಟಿನ ಮೇಲೆ ನಿನ್ನಮ್ಮ ಹಸಿರು ಶಾಯಿ ಎಷ್ಟು ಒತ್ತಿ ಎಳೆದಿದ್ದಾಳೆ ಎಂದರೆ ಕಾಗದ ಹರಿದಿದೆ. ಬಸ್ಸಿಳಿದು, ಕೈಕಾಲು ತೊಳೆದು, ಮೊದಲು ಬರುವುದು ನಿನ್ನ ಹಾಲಿಗೆ. ಕಾರಂಜಿ ಆಮೇಲೆ ಕುಣಿಯಲಿ. ಆಡುವುದಿಲ್ಲ ಎಂಬ ಷರತ್ತು ಮಾತ್ರ ಹಾಗೇ ಇದೆ. ಮನೆಯವರು ನಿನ್ನ ಹಾಲಿನಲ್ಲಿ ಆಡುವಂತಿಲ್ಲ ಎಂದು ನೀನೇ ಬರೆದದ್ದರಿಂದ ಅತ್ತೆಯ ಹಿಡಿ ಎಳೆಯುವ ಅರ್ಜಿ ಮೇಲಿನ ಕಚೇರಿಯಲ್ಲೂ ಬಿದ್ದುಹೋಯಿತು. ಹಗ್ಗದ ಈಚೆ ನಿಲ್ಲುವ ನಿಯಮಗಳನ್ನು ಇಬ್ಬರಿಗೂ ಹೇಳಿದ್ದೇನೆ. ಅಮ್ಮ ಕೈ ಬೀಸುವಂತಿಲ್ಲ, ಸೆರಗಲ್ಲಿ ಕಣ್ಣೊರೆಸಿಕೊಳ್ಳುವಂತಿಲ್ಲ. ಅತ್ತೆ "ಏ ಹುಡುಗಿ, ಇಲ್ಲಿ ನೋಡೇ" ಎನ್ನುವಂತಿಲ್ಲ. ಅವಳು ಕನ್ನಡಿಯ ಮುಂದೆ ಮುಖ ಗಂಟಿಕ್ಕಿ ಅಭ್ಯಾಸ ಮಾಡುತ್ತಿದ್ದಾಳೆ. ಅದನ್ನು ನೋಡಿ ನಗು ತಡೆದುಕೊಳ್ಳುವುದು ನಮಗಿಬ್ಬರಿಗೂ ಒಳ್ಳೆಯ ತರಬೇತಿ.

ನನ್ನ ಅಭ್ಯಾಸವೂ ನಡೆದಿದೆ. ಊಟ ಮುಗಿಸಿ ಏಳುವಾಗ ಎರಡೂ ಕೈ ತಟ್ಟಿ, ಅಂಗೈ ತಿರುಗಿಸಿ ತೋರಿಸುತ್ತೇನೆ. "ಯಾರಿಗ್ರೀ ಅದು" ಎಂದು ಅಮ್ಮ ಕೇಳುತ್ತಾಳೆ. ನೀನು ಮೇಜು ಬಿಡುವಾಗ ಕಂಬದ ಕಡೆ ನೋಡು. ಕೈ ತೊಳೆದುಕೊಂಡೇ ಬಂದಿರುತ್ತೇನೆ. ಆಮೇಲೆ ನೀನು ಬಟ್ಟೆ ಬದಲಿಸಿ ಬರುವವರೆಗೂ, ಎಷ್ಟೇ ಹೊತ್ತಾಗಲಿ, ನಾವು ಮೂವರೂ ಆ ಜಾಗ ಬಿಟ್ಟು ಕದಲುವುದಿಲ್ಲ.

ತಣ್ಣಗಿರು. ನಿನ್ನ ಕೈಗೆ ಯಾವ ದೃಷ್ಟಿಯೂ ತಾಗದಿರಲಿ.

ನಿನ್ನ ಅಪ್ಪ

ತಾ.ಕ. ಆ ದಿನ ಬಸ್ಸಿನಲ್ಲಿ ಹಲ್ಲು ಬಿದ್ದು ಕರೆದರೂ ನಾನು ತಿರುಗಲಿಲ್ಲ ಎಂದು ನಿನಗೆ ಗೊತ್ತು, ಡಿಪೋಗೆಲ್ಲ ಗೊತ್ತು. ಗುರುತಿನವರು ಎದುರಿಗಿದ್ದೂ ಗುರುತು ಸಿಗದಂತೆ ನಿಂತರೆ ಹೇಗಿರುತ್ತದೆ ಎಂದು ನನಗೆ ತಿಳಿದದ್ದು ಆ ಕಂಬದ ಪಕ್ಕದಲ್ಲಿ, ಈ ವಯಸ್ಸಿನಲ್ಲಿ. ನಿನಗೆ ಆಗ ಆರು ತುಂಬಿರಲಿಲ್ಲ. ನೀನಾದರೂ ನನಗೆ ಕೈ ತೋರಿಸಿದೆ. ನನ್ನದನ್ನು ನಾನು ಇದುವರೆಗೂ ಯಾರಿಗೂ ಹೇಳಿಲ್ಲ. ಡ್ರೈವರನ ತಲೆಯ ಮೇಲೆ ಒಂದು ಕನ್ನಡಿ ಇರುತ್ತದೆ, ಹಿಂದೆ ಕೂತವರು ಕಾಣಲೆಂದು. ನೀನು ಅತ್ತದ್ದು, ಅಂಗಿಯ ತುದಿಯಲ್ಲಿ ಬಾಯಿ ಒರೆಸಿಕೊಂಡದ್ದು, ಟಿಕೆಟಿನಲ್ಲಿ ಸುತ್ತಿದ ಹಲ್ಲನ್ನು ಬಿಚ್ಚಿ ನೋಡಿ ಮತ್ತೆ ಸುತ್ತಿದ್ದು, ಎಲ್ಲವನ್ನೂ ಕೊನೆಯ ಸ್ಟಾಪಿನವರೆಗೂ ನೋಡುತ್ತಲೇ ಬಂದೆ. ಬಸ್ಸು ತುಂಬ ಜನ ಇದ್ದರು. ಕನ್ನಡಿಯಲ್ಲಿ ನೀನೊಬ್ಬಳೇ ಇದ್ದೆ.